ಏಳನೆಯ ದಿನದ ಅರ್ಧ ರೊಟ್ಟಿ

ಮೂಡಲಗಿ
ಬುಧವಾರ, ೧೯ ನವೆಂಬರ್ ೨೦೨೫

ತ್ರಿಶಲಾಗೆ ಶ್ರೇಯಸನ ಜಯ ಜಿನೇಂದ್ರ.

ಮೊದಲು ‘ಪ್ರೀತಿಯ’ ಎಂದು ಬರೆದೆ, ಹೊಡೆದು ಹಾಕಿದೆ. ‘ಚಿ. ಸೌ.’ ಎಂದು ಶುರು ಮಾಡೋಣವೆಂದುಕೊಂಡೆ. ಏಳು ತಿಂಗಳಿಂದ ತವರಲ್ಲಿ ಕೂತ ಹೆಂಡತಿಗೆ ದೊಡ್ಡ ಮನುಷ್ಯನಂತೆ ಆಶೀರ್ವಾದ ಮಾಡುವ ಗಂಡ ಎಂಥವನು ಎಂದು ನನಗೇ ನಗು ಬಂತು. ಇದು ಮೂರನೆಯ ಹಾಳೆ. ಬರೀ ಹೆಸರು ಹಿಡಿದು ಬರೆಯುತ್ತಿದ್ದೇನೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ನಿನಗೆ ನಾನು ಬರೆಯುತ್ತಿರುವ ಮೊದಲ ಪತ್ರ, ಅಕ್ಷರ ನೋಡಿ ನಗಬೇಡ.

ಮೊಬೈಲಿನಲ್ಲಿ ಯಾಕೆ ಬರೆಯಲಿಲ್ಲ ಎನ್ನುತ್ತೀ. ಬರೆದಿದ್ದೆ. ಏಳು ಸಲ ಬರೆದು, ಕಳಿಸಿ, ನೀನು ನೋಡುವ ಮೊದಲೇ ಅಳಿಸಿದೆ. ಸಂದೇಶ ಅಳಿಸಲಾಗಿದೆ ಎನ್ನುವ ಏಳು ಸಾಲು ನಿನ್ನ ಮೊಬೈಲಿನಲ್ಲಿ ಕೂತಿರಬೇಕು. ಪೋಸ್ಟಿನ ಡಬ್ಬಿಗೆ ಹಾಕಿದ್ದನ್ನು ಕೈ ಹಾಕಿ ತೆಗೆಯಲು ಬರುವುದಿಲ್ಲ, ಅದಕ್ಕೇ ಈ ದಾರಿ ಹಿಡಿದೆ.

ನೀನು ಕಳಿಸಿದ ಒಂದೇ ಒಂದು ಸಂದೇಶ ಮಾತ್ರ ನನ್ನಲ್ಲಿ ಭದ್ರವಾಗಿದೆ. ದಿನಕ್ಕೆ ನಾಲ್ಕು ಸಲ ತೆಗೆದು ಓದುತ್ತೇನೆ. ‘ಮೂವತ್ತನೇ ತಾರೀಖಿಗೆ ಹಿರ್ಯಾರು ಮತ್ತ ಕೂಡ್ತಾರ. ತಿರುಗಿ ಬರತೇನಿ ಅನ್ನೂದೋ, ಒಲ್ಲೆ ಅನ್ನೂದೋ ನನಗಿನ್ನೂ ತಿಳದಿಲ್ಲ. ಅವತ್ತ ನಾ ಕೇಳಿದ ಒಂದ್ ಮಾತಿಗೆ ನೀವು ಉತ್ತರ ಕೊಟ್ಟಿಲ್ಲ. ಅದನ್ನ ಕೊಡ್ರಿ, ಆಮ್ಯಾಲ ನೋಡೂಣು.’

ಕೊಡುತ್ತೇನೆ. ಆದರೆ ನೇರ ವಿಷಯಕ್ಕೆ ಬರುವ ರೂಢಿ ನನಗಿಲ್ಲ, ನಿನಗೆ ಗೊತ್ತಿದ್ದದ್ದೇ. ಅಂಗಡಿಗೆ ಸುಟ್ಟ ಮೋಟರ್ ರಿಪೇರಿಗೆ ಬಂದರೂ ಮೊದಲು ಬೋಲ್ಟು ಬಿಚ್ಚುವುದು, ಆಮೇಲೆ ಮುಚ್ಚಳ, ಆಮೇಲೆ ಒಳಗಿನ ತಂತಿ. ಇಲ್ಲೂ ಹಾಗೇ ಬರುತ್ತೇನೆ, ತಾಳ್ಮೆ ಇರಲಿ.

ನಿನ್ನ ಬ್ಲಾಗನ್ನು ನನಗೆ ತೋರಿಸಿದವಳು ಮಗಳು. ಅವಳ ಮೇಲೆ ಸಿಟ್ಟಾಗಬೇಡ. ದಸರೆ ಸೂಟಿಗೆ ಇಲ್ಲಿಗೆ ಬಂದಾಗ ಸಂಘಮಿತ್ರಾ ಅಂಗಡಿಯಲ್ಲಿ ನನ್ನ ಬಾಜೂ ಕೂತು ನನ್ನ ಮೊಬೈಲ್ ತೀಡುತ್ತಿದ್ದಳು. ಇದ್ದಕ್ಕಿದ್ದಂತೆ, ‘ಅಪ್ಪಾ, ಅವ್ವ ತನ್ನ ತಪ್ಪು ತಾನ ಬರೀತಾಳ. ಓದಿದ ಮಂದಿ ಅದಕ್ಕ ಹಾರ್ಟ್ ಹಾಕ್ತಾರ’ ಎಂದಳು. ಹನ್ನೊಂದು ವರ್ಷದ ಹುಡುಗಿಗೆ ಅದು ಅವ್ವನ ಬಗ್ಗೆ ಹೆಮ್ಮೆಯ ಸುದ್ದಿ. ತೆಗೆದು ತೋರಿಸಿದಳು. ಮೇಲೆ ‘ಅರ್ಧ ರೊಟ್ಟಿ’ ಎಂದು ಬ್ಲಾಗಿನ ಹೆಸರು. ಅದನ್ನು ನೋಡಿದೊಡನೆ ನನ್ನ ಕಿವಿ ಬಿಸಿಯಾದವು.

ಹತ್ತೊಂಬತ್ತು ಬರಹಗಳಿದ್ದವು. ಅಂಗಡಿಯಲ್ಲಿ ಗಿರಾಕಿ ನಿಂತಿದ್ದರು, ನಾನು ನಿಂತಲ್ಲೇ ಓದಿದೆ. ಸುಳ್ಳು ಯಾಕೆ, ಮೊದಲ ಸಲ ನಾನು ನಿನ್ನನ್ನು ಓದಲಿಲ್ಲ, ನನ್ನನ್ನು ಹುಡುಕಿದೆ. ಗಂಡನನ್ನು ಬಿಟ್ಟು ಹೋದ ಹೆಂಗಸು ಬರೆಯುತ್ತಾಳೆ ಎಂದರೆ ಗಂಡನ ಚರ್ಮ ಸುಲಿದಿರುತ್ತಾಳೆ ಎಂದೇ ಲೆಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪ್ರತಿ ಸಾಲಿನಲ್ಲೂ ನನ್ನ ಹೆಗಲು ಮುಟ್ಟಿಕೊಂಡೆ. ನಾನು ಎಲ್ಲೂ ಇರಲಿಲ್ಲ. ‘ಮನೆಯವರು’ ಎಂಬ ಶಬ್ದ ಮೂರು ಸಲ ಬಂದಿತ್ತು, ಮೂರೂ ಸಲ ತಪ್ಪು ನಿನ್ನದೇ. ನಿರಾಳವಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಹದಿನಾಲ್ಕು ವರ್ಷ ಜತೆಗಿದ್ದವನು ಬೈಯುವುದಕ್ಕೂ ಲಾಯಕ್ಕಿಲ್ಲವೇ ಎಂದು.

ಎರಡನೆಯ ಸಲ ಓದಿದಾಗ ಸಿಟ್ಟು ಹೋಗಿ ಕುತೂಹಲ ಹತ್ತಿತು. ತಾಮ್ರದ ತಂತಿ ತರಲು ಗೋಕಾಕಕ್ಕೆ ಹೋಗುವ ಬಸ್ಸಿನಲ್ಲಿ ಓದಿದೆ, ಬರುವ ಬಸ್ಸಿನಲ್ಲಿ ಓದಿದೆ. ಈ ಹೆಂಗಸು ಯಾರು? ಇವಳು ನನ್ನ ಅಡಿಗೆಮನೆಯಲ್ಲಿ ಇಷ್ಟು ವರ್ಷ ಇದ್ದಳೇ?

ಜಗಳದಲ್ಲಿ ಸೋಲುತ್ತೇನೆ ಎನ್ನಿಸಿದ ಕೂಡಲೇ ತವರಿನ ಮರಾಠಿಗೆ ಹೊರಳುತ್ತೇನೆ, ಎದುರಿನವರಿಗೆ ತಿಳಿಯದಿದ್ದರೆ ಗೆದ್ದಂತೆ ಎಂದು ಬರೆದಿದ್ದೀ. ಗಡಿಯಲ್ಲಿರುವ ನಿಮ್ಮ ಕಣಗಲಾದವರಿಗೆ ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. ಮೂಡಲಗಿಯ ನಾನು ಅರ್ಥವಾದವನ ಹಾಗೆ ಗೋಣು ಹಾಕಿ, ಒಂದೊಂದು ಸಲ ‘ಹೌದು, ಅದೂ ಖರೆ’ ಎಂದೂ ಅಂದಿದ್ದೇನೆ. ಏನೇನಕ್ಕೆ ಒಪ್ಪಿಕೊಂಡೆನೋ ಆ ಜಿನನಿಗೇ ಗೊತ್ತು. ಒಂದೆರಡಾದರೂ ನೆನಪಿದ್ದರೆ ಕನ್ನಡದಲ್ಲಿ ಬರೆದು ತಿಳಿಸು.

ಹುಕ್ಕೇರಿ ಬಸ್ಸಿನಲ್ಲಿ ಪಕ್ಕದವರ ಮೊಬೈಲ್ ಓದುತ್ತೀಯಂತೆ. ಯಾವಳೋ ತನ್ನ ತಂಗಿಗೆ ಮದುವೆ ಮುರಿದ ಕಥೆ ಟೈಪು ಮಾಡುತ್ತ, ಕಾರಣ ಬರೆಯುವಷ್ಟರಲ್ಲಿ ಹತ್ತರಗಿಗೆ ಇಳಿದು ಹೋದಳಂತೆ, ನಿನಗೆ ಎರಡು ದಿನ ಅನ್ನ ಸೇರಲಿಲ್ಲವಂತೆ. ಅದನ್ನು ಓದಿ ಬಸ್ಸಿನಲ್ಲಿ ಒಬ್ಬನೇ ನಕ್ಕೆ, ಕಂಡಕ್ಟರ್ ತಿರುಗಿ ನೋಡಿದ. ಬಸದಿಯಲ್ಲಿ ಯಾರಾದರೂ ಚೆನ್ನಾಗಿ ಹಾಡಿದರೆ ನಿನ್ನ ಕಣ್ಣು ಅವರ ಸೀರೆಯ ನೆರಿಗೆಯಲ್ಲಿ ತಪ್ಪು ಹುಡುಕುತ್ತದೆಯಂತೆ. ಅದು ನನಗೆ ಮೊದಲೇ ಗೊತ್ತಿತ್ತು ಎಂದು ಹೇಳಿಕೊಳ್ಳುವ ಆಸೆ, ಗೊತ್ತಿರಲಿಲ್ಲ.

ನನ್ನನ್ನು ಬಹಳ ಕೆಣಕಿದ್ದು ಮಲಗಿದಂತೆ ಮಾಡುವ ಬರಹ. ಕಬ್ಬಿಗೆ ನೀರು ಹಾಯಿಸುವ ದಿನಗಳಲ್ಲಿ ಅಂಗಡಿ ಕೆಲಸ ಹೆಚ್ಚಾಗಿ ನಾನು ತಡವಾಗಿ ಬಂದಾಗ, ಎದ್ದು ಹಾಲು ಕಾಸಿಕೊಡುವುದು ತಪ್ಪಲಿ ಎಂದು ಚಪ್ಪಲಿ ಸದ್ದು ಕೇಳಿದ ಕೂಡಲೆ ಕಣ್ಣು ಮುಚ್ಚುತ್ತಿದ್ದೆಯಂತೆ. ನಿನ್ನ ನಿದ್ದೆ ಕೆಡಬಾರದೆಂದು ನಾನು ಕಳ್ಳನಂತೆ ತುದಿಗಾಲಲ್ಲಿ ಓಡಾಡಿ, ತಣ್ಣಗಿನ ಹಾಲು ಕುಡಿದು ಮಲಗಿದ್ದು ಎಷ್ಟು ಸಲ! ಆದರೆ ಅದರ ಕೆಳಗೆ ಇನ್ನೆರಡು ಸಾಲು ಇದ್ದವು. ‘ಆ ತಪ್ಪಿಗಾಗಿ ಮರುದಿನ ಬೆಳಗ್ಗೆ ಅವರ ಚಹಾಕ್ಕೆ ಒಂದು ಚಮಚೆ ಸಕ್ಕರೆ ಹೆಚ್ಚು ಹಾಕುತ್ತೇನೆ. ಅವರು ಏನೂ ಅನ್ನದೆ ಕುಡಿಯುತ್ತಾರೆ.’ ಕೆಲವು ದಿನ ಚಹಾ ಯಾಕೆ ಪಾಯಸದಂತಿರುತ್ತದೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು. ಕೇಳಬಹುದಿತ್ತು. ಒಂದು ಸಲವೂ ಕೇಳಲಿಲ್ಲ.

ಅದಕ್ಕೆ ರಾಧಿಕಾ ಎಂಬುವಳು ಯಾರೋ, ‘ನಾನೂ ಮಲಗಿದಂತೆ ಮಾಡುತ್ತೇನೆ ಅಕ್ಕಾ, ಇವತ್ತಿನವರೆಗೆ ನಾನೊಬ್ಬಳೇ ಎಂದು ತಿಳಿದಿದ್ದೆ’ ಎಂದು ಬರೆದಿದ್ದಳು. ಅವಳ ಕೆಳಗೆ ಮತ್ತೆ ನಲವತ್ತು ಹೆಂಗಸರು. ಈ ಜಿಲ್ಲೆಯಲ್ಲಿ ನಿಜವಾಗಿ ಮಲಗುವವರು ಯಾರಾದರೂ ಇದ್ದಾರೋ ಇಲ್ಲವೋ. ನನಗೆ ತಿಳಿಯಬೇಕಾದದ್ದು ಇಷ್ಟು. ಮುಖ ಕಾಣದವರಿಗೆ ಹೇಳುವುದು ಸುಲಭವೇ? ಬರೆದ ಮೇಲೆ ಎದೆ ಹಗುರಾಗುತ್ತದೆಯೋ, ಇಲ್ಲಾ ನಾಳೆ ಯಾರು ಏನನ್ನುತ್ತಾರೋ ಎಂದು ಭಾರವಾಗುತ್ತದೆಯೋ?

ಕೇಳುವ ಕಾರಣ, ನಾನೂ ಬರೆಯಲು ಕೂತಿದ್ದೆ. ರಿಪೇರಿ ಚೀಟಿಯ ಹಿಂದೆ ಬರೆದೆ. ಒಂದು, ನಾನು ಸ್ವಲ್ಪ ಸಿಟ್ಟಿನವನು. ಎರಡು, ಎಲ್ಲರನ್ನೂ ಬೇಗ ನಂಬಿಬಿಡುತ್ತೇನೆ. ಮೂರು, ಕೆಲಸ ಹಿಡಿದರೆ ಊಟದ ಖಬರು ಇರುವುದಿಲ್ಲ. ಓದಿ ನೋಡಿದೆ. ಕನ್ಯೆ ನೋಡಲು ಹೋದಾಗ ಹುಡುಗನ ಕಡೆಯವರು ಹೇಳುವ ಮಾತಿನ ಹಾಗಿತ್ತು. ನಾಲ್ಕನೆಯದು ಹೊಳೆಯಲೇ ಇಲ್ಲ.

ಅದೇ ಹೊತ್ತಿಗೆ ಕುಲಗೋಡದ ದುಂಡಪ್ಪ ಪಂಪ್‌ಸೆಟ್ಟಿನ ಮೋಟರ್ ಹೊತ್ತುಕೊಂಡು ಬಂದ. ಒಳಗೆ ನೋಡಿದರೆ ಪೂರಾ ಕರಕಲು, ಬಾವಿಯಲ್ಲಿ ನೀರು ಇಳಿದರೂ ಓಡಿಸಿದ್ದಾನೆ, ಕುರುಡನೂ ಹೇಳಬಲ್ಲ. ಕೇಳಿದರೆ, ‘ನಾ ಏನೂ ಮಾಡಿಲ್ರಿ, ಅದು ತಾನ ಸುಟ್ಟೈತಿ’ ಎಂದ. ಇಪ್ಪತ್ತು ವರ್ಷದಿಂದ ಈ ಅಂಗಡಿಗೆ ಬಂದ ಮೋಟರೆಲ್ಲ ತಾವೇ ಸುಟ್ಟವು, ಸುಟ್ಟವನು ಒಬ್ಬನೂ ಬಂದಿಲ್ಲ. ನಾನು ಯಾವಾಗಲೂ ನಕ್ಕು ಸುಮ್ಮನಾಗುತ್ತಿದ್ದೆ, ಅವತ್ತು ನಗಲಾಗಲಿಲ್ಲ. ಅವನು ಹೋದ ಮೇಲೆ ಚೀಟಿಯಲ್ಲಿ ನಾಲ್ಕನೆಯದು ಬರೆದೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಈಗ ಅದನ್ನು ಬಿಡಿಸಿ ಬರೆಯಬೇಕು. ನಿನಗೆ ಗೊತ್ತಿರುವ ಕಥೆಯೇ, ಆದರೆ ನನ್ನ ಬಾಯಿಂದ ನೀನು ಒಂದು ಸಲವೂ ಕೇಳಿಲ್ಲ.

ಮೂರು ವರ್ಷದ ಹಿಂದೆ ದಶಲಕ್ಷಣ ಪರ್ವದಲ್ಲಿ ನೀನು ಹತ್ತು ದಿನದ ಉಪವಾಸ ಹಿಡಿದೆ. ದಿನಕ್ಕೊಂದು ಸಲ ಕಾಸಿದ ನೀರು, ಬೇರೆ ಏನೂ ಇಲ್ಲ. ಊರಲ್ಲಿ ನಾಲ್ವರು ಹಿಡಿದಿದ್ದಿರಿ. ಕೊನೆಯ ದಿನ ಬಸದಿಯಲ್ಲಿ ಶಾಲು ಹೊದಿಸಿದರು, ಹೂಹಾರ ಹಾಕಿದರು, ಟ್ರ್ಯಾಕ್ಟರ್ ಸಿಂಗರಿಸಿ ನಾಲ್ವರನ್ನೂ ಕೂಡಿಸಿ ಊರೆಲ್ಲ ಮೆರೆಸಿದರು. ಟ್ರ್ಯಾಕ್ಟರಿನ ಮುಂದೆ ನಾನು ಎಲ್ಲರಿಗಿಂತ ಜೋರಾಗಿ ಜಯಕಾರ ಹಾಕುತ್ತ ನಡೆದೆ. ನನ್ನ ಹೆಂಡತಿ ಎಂದು ಎದೆ ಎರಡು ಗೇಣು ಉಬ್ಬಿತ್ತು. ನೀನು ಮೇಲೆ ಕಣ್ಣು ತಗ್ಗಿಸಿ ಕೂತಿದ್ದೆ. ನಿಶ್ಶಕ್ತಿ ಇರಬೇಕು ಎಂದುಕೊಂಡೆ.

ಅದಾಗಿ ಎರಡು ವರ್ಷಕ್ಕೆ, ಹೋದ ವರ್ಷದ ಕ್ಷಮಾವಳಿಯ ದಿನ ನೀನೇ ನನಗೆ ಹೇಳಿದೆ. ಅವತ್ತು ಎಲ್ಲರೂ ಎಲ್ಲರಿಗೂ ಕ್ಷಮೆ ಕೇಳುವುದು ನಮ್ಮಲ್ಲಿ ಪದ್ಧತಿ. ಬೆಳಗಿನಿಂದ ಇನ್ನೂರು ಜನಕ್ಕೆ ಮೊಬೈಲಿನಲ್ಲಿ ಒಂದೇ ಚಿತ್ರ ಕಳಿಸಿ ಕ್ಷಮೆ ಮುಗಿಸಿದ್ದ ನಾನು, ನಿನಗೂ ಹೋಗುವ ಅವಸರದಲ್ಲಿ ಕೈಮುಗಿದು, ಏನಾದರೂ ತಪ್ಪಾಗಿದ್ದರೆ ಕ್ಷಮಿಸು ಎಂದೆ. ನೀನು ಅಡ್ಡ ನಿಂತೆ. ‘ಸುಮ್ಮ ಅನಬ್ಯಾಡ್ರಿ. ನನಗ ಖರೇನ ಒಂದ್ ಹೇಳೂದೈತಿ’ ಎಂದೆ.

ಉಪವಾಸದ ಏಳನೆಯ ದಿನ, ದೀಪ ಹಚ್ಚಿದ ಮೇಲೆ, ನನ್ನ ಊಟದ ಡಬ್ಬಿ ತೊಳೆಯಲು ತೆಗೆದಿದ್ದೀ. ಒಳಗೆ ನಾನು ಬಿಟ್ಟಿದ್ದ ಅರ್ಧ ಜೋಳದ ರೊಟ್ಟಿ ಇತ್ತು, ಅಂಚಿಗೆ ಶೇಂಗಾ ಚಟ್ನಿ ಹತ್ತಿತ್ತು. ಅದು ಯಾವಾಗ ಬಾಯಿಗೆ ಹೋಯಿತೋ ತಿಳಿಯಲಿಲ್ಲ ಎಂದೆ. ಉಪವಾಸ ಮುರಿಯಿತು, ಹೊತ್ತು ಮುಳುಗಿದ ಮೇಲೆ ತಿಂದದ್ದಾಯಿತು, ಅದೂ ಎಂಜಲು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುವಷ್ಟರಲ್ಲಿ ಮೈಮೇಲೆ ಶಾಲು ಬಿತ್ತು. ಹೇಳುತ್ತ ನೀನು ಅತ್ತುಬಿಟ್ಟೆ. ನಾನು ತಲೆ ಸವರಿ, ಹೋಗಲಿ ಬಿಡು, ಇದು ನನ್ನ ಹೊಟ್ಟೆಯಲ್ಲೇ ಇರುತ್ತದೆ ಎಂದೆ. ನೀನು ನಂಬಿದೆ.

ಆರೇಳು ತಿಂಗಳು ಇತ್ತು. ಈ ಏಪ್ರಿಲ್‌ನಲ್ಲಿ ಶ್ರೀಪಾಲ ಕಾಕಾನ ಹೊಸ ಮನೆಯ ವಾಸ್ತುವಿನ ಊಟದ ಪಂಕ್ತಿಯಲ್ಲಿ ಹೊರಗೆ ಬಂತು. ಯಾರೋ ಉಪವಾಸದ ಮಾತು ತೆಗೆದರು, ಯಾರೋ ನಿನ್ನನ್ನು ಹೊಗಳಿದರು. ಎಲ್ಲರೂ ನನ್ನ ಕಡೆ ನೋಡುತ್ತಿದ್ದಾರೆ, ನನ್ನ ಹತ್ತಿರ ಒಳ್ಳೆಯ ಕಥೆ ಇದೆ. ಒಂದೇ ತುತ್ತಿಗೆ ಮೂರು ಪಾಪ ಮಾಡಿದ ಬಹಾದ್ದೂರ್ ಹೆಂಗಸು ನಮ್ಮವಳು ಎಂದು ಶುರು ಮಾಡಿದೆ. ಕೈ ಬಾಯಿ ಮಾಡಿ, ನೀನು ಡಬ್ಬಿ ತೆರೆದ ರೀತಿ, ಅತ್ತಿತ್ತ ನೋಡಿದ ರೀತಿ, ನೀನು ಹೇಳದೇ ಇದ್ದದ್ದನ್ನೂ ಸೇರಿಸಿ ಹೇಳಿದೆ. ಪಂಕ್ತಿಯೆಲ್ಲ ನಕ್ಕಿತು. ಹೋಳಿಗೆ ಬಡಿಸಲು ಬರುವುದಕ್ಕೆ ಮುಂಚೆ ಮಾತು ಅಡಿಗೆಮನೆ ಮುಟ್ಟಿತ್ತು. ಅಲ್ಲಿ ಜಿನ್ನವ್ವ ಕಾಕಿ ಇಪ್ಪತ್ತು ಹೆಂಗಸರ ಎದುರು ನಿನ್ನ ಕೈ ಹಿಡಿದು, ‘ನಮ್ಮ ಶಾಲು ತಿರಗಿ ಕೊಡತೀಯೇನವಾ?’ ಎಂದು ಕೇಳಿದರಂತೆ. ತಮಾಷೆಗೇ ಕೇಳಿದ್ದು.

ನೀನು ನಾಲ್ಕನೆಯ ದಿನ ಶಾಲು ತೊಳೆದು, ಇಸ್ತ್ರಿ ಮಾಡಿ, ಮಡಿಚಿ, ಬಸದಿಯ ಕಮಿಟಿಯವರ ಕೈಗೆ ಕೊಟ್ಟು, ಅಲ್ಲಿಂದ ಹಾಗೇ ಮಗಳನ್ನು ಕರೆದುಕೊಂಡು ಕಣಗಲಾದ ದಾರಿ ಹಿಡಿದೆ. ಜೂನ್‌ನಲ್ಲಿ ಅವಳ ಹೆಸರನ್ನು ಅಲ್ಲಿನ ಸಾಲೆಗೇ ಹಚ್ಚಿದೆ. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಸಿಟ್ಟೇ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನೋಡು, ಆಗಲೂ ಹೇಳಿಕೊಂಡೇ ತಿರುಗಿದೆ.

ನಿನ್ನ ಮೊದಲ ಬರಹದಲ್ಲಿ ಆ ರೊಟ್ಟಿಯ ಕಥೆಯೆಲ್ಲ ಇದೆ. ಕೊನೆಗೆ ಹೀಗಿದೆ: ‘ಒಬ್ಬರಿಗೆ ಮಾತ್ರ ಹೇಳಿದೆ. ಅದು ಒಂದೇ ಊಟದಲ್ಲಿ ಊರು ಮುಟ್ಟಿತು. ಇನ್ನು ನನ್ನ ಕುಂದುಗಳನ್ನು ನಾನೇ ಎಲ್ಲರಿಗೂ ಹೇಳುತ್ತೇನೆ. ನಾನೇ ಹೇಳಿದ ಮೇಲೆ ಅದನ್ನು ಕದ್ದು ಹೇಳಿ ನಗಲು ಯಾರಿಗೂ ಏನೂ ಉಳಿಯುವುದಿಲ್ಲ.’ ಆ ‘ಒಬ್ಬರು’ ಯಾರೆಂದು ನೀನು ಬರೆಯಲಿಲ್ಲ. ರೊಟ್ಟಿ ಯಾರ ಡಬ್ಬಿಯದು ಎಂದೂ ಬರೆಯಲಿಲ್ಲ. ನನ್ನನ್ನು ಉಳಿಸಿದೆಯೋ, ಕೈಬಿಟ್ಟೆಯೋ? ಇದನ್ನು ಕೇಳಬೇಕೆಂದು ಒಂದು ತಿಂಗಳಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೇನೆ.

ಇನ್ನು ಹೋದ ಭಾನುವಾರದ ಸಂಗತಿ.

ನಿಮ್ಮ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕೂತಿದ್ದರು. ಮಾವನವರು ಎಲ್ಲರಿಗೂ ಚಹಾ ಕೊಡಿಸಿ, ನನ್ನನ್ನೂ ಮೊದಲಿನಷ್ಟೇ ಮರ್ಯಾದೆಯಿಂದ ಮಾತಾಡಿಸಿದರು. ಒಂದು ಕಡು ಮಾತು ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಮಗಳ ತಪ್ಪು ಏನು ಎಂದು ಅವರು ಶಾಂತವಾಗಿ ಕೇಳಿದರು. ಆಗ ಶ್ರೀಪಾಲ ಕಾಕಾ ಚೀಲದಿಂದ ಹಾಳೆಗಳನ್ನು ತೆಗೆದರು. ನಿನ್ನ ಬರಹಗಳ ಪ್ರಿಂಟು. ಕನ್ನಡಕ ಏರಿಸಿ, ‘ಆಕೀನ ಬರದಾಳ ನೋಡ್ರಿ, ನಾವೇನ್ ಹೇಳಾಕತ್ತಿಲ್ಲ’ ಎಂದು ಓದತೊಡಗಿದರು. ಹೊಟ್ಟೆಕಿಚ್ಚು ಪಡುತ್ತಾಳೆ, ಮಂದಿಯ ಮೊಬೈಲ್ ನೋಡುತ್ತಾಳೆ, ಗಂಡ ದುಡಿದು ಬಂದರೆ ಮಲಗಿದಂತೆ ಮಾಡುತ್ತಾಳೆ. ಒಂದೊಂದು ತಪ್ಪಿಗೂ ಒಂದೊಂದು ಬೆರಳು ಮಡಿಚುತ್ತ ಹೋದರು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವ ಜಾತಿ ನಮ್ಮದು. ಆದರೆ ನೀನೇ ತೋರಿಸಿದ ನೊಣವನ್ನು ಹಿಡಿದು ನಿನ್ನನ್ನೇ ಪಂಕ್ತಿಯಿಂದ ಎಬ್ಬಿಸುವುದನ್ನು ನಾನು ಅವತ್ತೇ ಕಂಡದ್ದು.

ನಿನ್ನ ಪೂರ್ವಜರೂ ನನ್ನ ಪೂರ್ವಜರೂ ಸಾವಿರ ವರ್ಷದಿಂದ ಪ್ರತಿಕ್ರಮಣಕ್ಕೆ ಕೂತು ತಮ್ಮ ತಪ್ಪು ತಾವೇ ಎಣಿಸಿದವರು. ಯಾರೂ ಅದನ್ನು ಬರೆದಿಟ್ಟುಕೊಂಡು ಮರುದಿನ ಚಾವಡಿಯಲ್ಲಿ ಓದಲಿಲ್ಲ. ಈ ಮಾತು ನನಗೆ ಅಲ್ಲೇ ಹೊಳೆಯಿತು. ಬೇಡವಾದಲ್ಲಿ ಓಡುವ ನಾಲಿಗೆ ಬೇಕಾದಲ್ಲಿ ಅಂಟಿಕೊಂಡಿತು.

ನೀನು ಒಳಕೋಣೆಯಿಂದ ಹೊರಗೆ ಬಂದೆ. ಏಳು ತಿಂಗಳ ಮೇಲೆ ಎದುರಿಗೆ ನೋಡಿದ್ದು. ಸ್ವಲ್ಪ ಬಡವಾಗಿದ್ದೆ. ಅಳುತ್ತೀಯೇನೋ ಎಂದು ಹೆದರಿದೆ, ನಿನ್ನ ಮುಖದಲ್ಲಿ ಅಳು ಇರಲಿಲ್ಲ. ‘ಅದರ ಕೆಳಗ ಇನ್ನೆರಡ ಸಾಲ ಅದಾವ್ರಿ ಕಾಕಾರ, ಅವನ್ನೂ ಓದ್ರಿ’ ಎಂದೆ. ಕಾಕಾ ಓದಲಿಲ್ಲ. ಸಕ್ಕರೆಯ ಸಾಲು ಅವರ ಕೆಲಸಕ್ಕೆ ಬರುವಂಥದ್ದಲ್ಲ. ನೀನು ಹಾಳೆಗಳನ್ನು ಅವರ ಕೈಯಿಂದ ತೆಗೆದುಕೊಂಡು, ಅಂಚು ಸರಿ ಮಾಡಿ, ಮೇಲಿನ ಹಾಳೆಯ ಮೂಲೆಯನ್ನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ಆದರೆ ಮೆಲ್ಲಗೆ ಕೇಳಿದೆ.

‘ಈ ಹಾಳಿ ಕಾಕಾರ ಕೈಯಾಗ ಹೆಂಗ ಬಂದ್ವು? ನೀವ ಹೇಳ್ರಿ.’

ನಾನು ಚಹಾದ ಕಪ್ಪು ನೋಡುತ್ತ ಕೂತೆ. ಮಾವನವರು ಎರಡು ವಾರ ಬಿಟ್ಟು ಮತ್ತೆ ಕೂಡೋಣ ಎಂದು ಮಾತು ಮುಗಿಸಿದರು. ಮರುದಿನ ನೋಡಿದರೆ ಬ್ಲಾಗ್ ಇಲ್ಲ. ಹತ್ತೊಂಬತ್ತೂ ಇಲ್ಲ, ರಾಧಿಕಾ ಇಲ್ಲ, ಆ ನಲವತ್ತು ಹೆಂಗಸರೂ ಇಲ್ಲ. ಅವರೆಲ್ಲ ಈಗ ಎಲ್ಲಿ ಹೇಳಿಕೊಳ್ಳುತ್ತಾರೋ. ನನಗಂತೂ ಊಟ ಬಿಟ್ಟಂತಾಗಿದೆ. ಬೆಳಗ್ಗೆ ಅಂಗಡಿ ತೆಗೆದ ಕೂಡಲೆ ಆ ಹೆಸರು ಒತ್ತುತ್ತೇನೆ, ಪುಟ ಸಿಗುವುದಿಲ್ಲ ಎನ್ನುತ್ತದೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಹಾಳೆ ಕಾಕಾನ ಕೈಗೆ ಹೇಗೆ ಬಂದವೋ, ನಿಜವಾಗಿ ಹೇಗೆಂದು ಹೇಳಲಿ? ಈಗ ಎಲ್ಲರ ಮೊಬೈಲಿನಲ್ಲೂ ಎಲ್ಲವೂ ಸಿಗುತ್ತದೆ. ನೀನು ಜಗತ್ತಿಗೆಲ್ಲ ಕಾಣುವಂತೆ ಬರೆದದ್ದು, ಯಾರು ಓದಿದರು, ಯಾರು ತೆಗೆಸಿದರು ಎಂದು ಹುಡುಕುವುದು ಹೇಗೆ? ಕಾಕಾನ ಬಳಗ ದೊಡ್ಡದು, ಯಾರೋ ತೋರಿಸಿರಬೇಕು. ನನ್ನ ತಪ್ಪು ಏನೆಂದರೆ ನಾನು ಅಲ್ಲಿ ತಡೆಯಲಿಲ್ಲ. ಅದಕ್ಕೆ ಕ್ಷಮೆ ಕೇಳುತ್ತೇನೆ. ಈ ಸಲ ಪದ್ಧತಿಗೆ ಕೇಳುತ್ತಿಲ್ಲ.

ನೀನು ಮತ್ತೆ ಬರೆಯಬೇಕು. ಮನೆಗೆ ಬಂದರೂ ಬರೆ, ಬರದಿದ್ದರೂ ಬರೆ. ಆದರೆ ಬಾ. ನಿನ್ನೊಂದಿಗೆ ಹದಿನಾಲ್ಕು ವರ್ಷ ಇದ್ದೆ, ನಿನ್ನ ಗುರುತಾದದ್ದು ಒಂದು ತಿಂಗಳಿಂದ. ಗುರುತಾದ ಮೇಲೆ ನೀನಿಲ್ಲದೆ ಇರುವುದು ಬಹಳ ಕಷ್ಟ. ನನಗೆ ನೀನು ಬೇಕು ತ್ರಿಶಲಾ. ಕೇಳಬೇಕಾದದ್ದು ಇನ್ನೂ ಬಹಳ ಇದೆ.

ಅತ್ತೆ ಮಾವನವರಿಗೆ ನಮಸ್ಕಾರ ತಿಳಿಸು. ಮಿತ್ರಾಗೆ ಗಣಿತ ಬಿಡಬೇಡ ಎಂದು ಹೇಳು.

ನಿನ್ನ ಉತ್ತರದ ದಾರಿ ನೋಡುತ್ತಿರುವ
ಶ್ರೇಯಸ

ತಾ. ಕ.: ಗುರುವಾರ ಮಧ್ಯಾಹ್ನ. ಲಕೋಟೆ ಅಂಟಿಸಿ ಪೋಸ್ಟ್ ಆಫೀಸಿನ ಮೆಟ್ಟಿಲವರೆಗೆ ಹೋಗಿದ್ದೆ. ಒಡೆದು ಮತ್ತೆ ಬರೆಯುತ್ತಿದ್ದೇನೆ. ‘ಯಾರೋ ತೋರಿಸಿರಬೇಕು’ ಎಂದು ಮೇಲೆ ಬರೆದದ್ದು ಸುಳ್ಳು. ಅದನ್ನು ಹೊಡೆದು ಹಾಕದೆ ಹಾಗೇ ಬಿಟ್ಟಿದ್ದೇನೆ, ನಾನು ಹೇಗೆ ಸುಳ್ಳು ಹೇಳುತ್ತೇನೆಂದು ನೀನು ಕಣ್ಣಾರೆ ನೋಡು.

ಗೋಕಾಕದಲ್ಲಿ ನನ್ನ ಗುರುತಿಲ್ಲದ ಝೆರಾಕ್ಸ್ ಅಂಗಡಿ ಹುಡುಕಿ, ಎಲ್ಲವನ್ನೂ ಮೊದಲಿನಿಂದ ಕ್ರಮವಾಗಿ ತೆಗೆಸಿದವನು ನಾನು. ಮೊಬೈಲಿನ ಅಕ್ಷರ ಸಣ್ಣದು, ಕಾಗದದ ಮೇಲೆ ಓದಬೇಕು ಎಂದೇ ತೆಗೆಸಿದ್ದು, ಅದು ಖರೆ. ಮೂವತ್ತೊಂದು ಹಾಳೆ ಆದವು. ಆದರೆ ಹೋದ ಶನಿವಾರ, ನಾಳೆ ಹಿರಿಯರ ಎದುರು ತಪ್ಪೆಲ್ಲ ನನ್ನ ತಲೆಗೇ ಬರುತ್ತದೆ ಎಂದು ಹೆದರಿ ಅವನ್ನು ಕಾಕಾನ ಮನೆಗೆ ಒಯ್ದೆ. ಕೊಡುವ ಮೊದಲು ಮೇಲಿನ ಒಂದು ಹಾಳೆ ತೆಗೆದು ಕಿಸೆಗೆ ಇಟ್ಟುಕೊಂಡೆ. ‘ಒಬ್ಬರಿಗೆ ಮಾತ್ರ ಹೇಳಿದೆ’ ಎಂಬ ಸಾಲು ಇದ್ದದ್ದು ಅದರಲ್ಲಿ.

ನೀನು ಪಡಸಾಲೆಯಲ್ಲಿ ಹಾಳೆಯ ಮೂಲೆ ನೋಡಿದ್ದು ಯಾಕೆ ಎಂದು ಮೆಟ್ಟಿಲ ಮೇಲೆ ನಿಂತಾಗ ತಿಳಿಯಿತು. ಪುಟದ ಅಂಕಿ ಎರಡರಿಂದ ಶುರುವಾಗಿತ್ತು. ಮೊದಲನೆಯದನ್ನು ತೆಗೆದಿಡುವ ಗರಜು ಜಗತ್ತಿನಲ್ಲಿ ಒಬ್ಬನಿಗೇ ಇತ್ತು. ನೀನು ಗೊತ್ತಿದ್ದೇ ಕೇಳಿದ್ದೀ. ಆದರೂ ಎಲ್ಲರ ಎದುರು ನೀನೇ ಹೇಳಿಬಿಡಲಿಲ್ಲ, ನಾನು ಹೇಳುತ್ತೇನೋ ಎಂದು ಕಾದೆ.

ಮೂವತ್ತಕ್ಕೆ ಹಿರಿಯರು ಕೂಡಿದಾಗ ಇದನ್ನು ಅವರೆಲ್ಲರ ಎದುರು ನಾನೇ ಹೇಳುತ್ತೇನೆ. ನೀನು ಬರತೇನಿ ಎಂದರೂ ಹೇಳುತ್ತೇನೆ, ಒಲ್ಲೆ ಎಂದರೂ ಹೇಳುತ್ತೇನೆ. ಕಾಕಾನನ್ನು ಬೈಯಬೇಡ. ಬ್ಲಾಗ್ ಎಂಬುದೊಂದು ಇದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಅವರು ಕೇಳಿರಲಿಲ್ಲ ತ್ರಿಶಲಾ, ನಾನೇ ಹೋಗಿ ಕೊಟ್ಟೆ.